ಬೆಚ್ಚಗಾದ ಧ್ರುವದಲ್ಲಿ ನಾಳೆಯ ಹಕ್ಕಿ

ಅಂಟಾರ್ಕ್ಟಿಕಾದ ಮಂಜು ಕರಗಿ ಅಲ್ಲಿ ಕಾಡು ಬೆಳೆದರೆ ಪೆಂಗ್ವಿನ್‌ಗಳ ಗತಿಯೇನು? ಸುಮ್ನೆ ಕಲ್ಪನೆ ಅನ್ನಿಸಬಹುದು. ಆದರೆ ಅಂಥ ಕಾಲ ಒಮ್ಮೆ ಬಂದು ಹೋಗಿದೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಅಲ್ಲಿ ಮರಗಳಿದ್ದವು. ಅಂಟಾರ್ಕ್ಟಿಕಾದ ಸೀಮೋರ್ ದ್ವೀಪದ ಕಲ್ಲುಗಳಲ್ಲಿ ಆ ಬೆಚ್ಚನೆಯ ಯುಗದ ಪೆಂಗ್ವಿನ್ ಮೂಳೆಗಳು ಸಿಕ್ಕಿವೆ. ಕೆಲವು ಆಳೆತ್ತರ ಇದ್ದವು! ಖಂಡಕ್ಕೆ ದೊಡ್ಡ ಹಿಮದ ಹೊದಿಕೆ ಬಂದದ್ದು ಆಮೇಲೆ, ಸುಮಾರು 3.4 ಕೋಟಿ ವರ್ಷಗಳ ಹಿಂದೆ. ಪೆಂಗ್ವಿನ್ ವಂಶ ಹಿಮಕ್ಕಿಂತ ಹಳೆಯದು.

ಉತ್ತರದಲ್ಲೂ ಹೀಗೇ. ಇಂದಿನ ಅಲಾಸ್ಕದಲ್ಲಿ 7.3 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ನಡುವೆಯೇ, ಹಕ್ಕಿಗಳು ಮರಿ ಮಾಡುತ್ತಿದ್ದವು. ಮರಿಗಳ ಪುಟ್ಟ ಮೂಳೆಗಳು ಸಿಕ್ಕಿದ್ದರಿಂದ ಇದು ಗೊತ್ತಾಯಿತು.

ಹಾಗಾದರೆ ಮುಂದೆ? ಎಷ್ಟೇ ಬೆಚ್ಚಗಾದರೂ ಧ್ರುವದ ಕತ್ತಲು ಹಾಗೇ ಇರುತ್ತದೆ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಮೇಲೆ ಬರುವುದಿಲ್ಲ. ಹಾಗಾಗಿ ಅಲ್ಲಿನ ಕಾಡುಹಕ್ಕಿ ಪ್ರತಿ ವರ್ಷ ವಲಸೆ ಹೋಗಬೇಕು, ಇಲ್ಲವೇ ಗೂಬೆಯ ಹಾಗೆ ಕಿವಿಯನ್ನೇ ನಂಬಿ ಬದುಕಬೇಕು. ಇದು ನನ್ನ ಊಹೆ. ಪೆಂಗ್ವಿನ್ ತಿಮಿಂಗಿಲದಂತೆ ಪೂರ್ತಿ ಕಡಲಿಗೇ ಸೇರಿಬಿಡುತ್ತದೆ ಅನ್ನುವವರಿದ್ದಾರೆ. ನನಗೆ ನಂಬಿಕೆ ಬರುತ್ತಿಲ್ಲ. ಮರಿ ಹೆರುವ ಹಕ್ಕಿ ಇವತ್ತಿನವರೆಗೆ ಒಂದೂ ಹುಟ್ಟಿಲ್ಲ. ಮೊಟ್ಟೆ ಇಡಲು ದಡಕ್ಕೆ ಬರಲೇಬೇಕು, ಅಲ್ವಾ?

ನನ್ನನ್ನು ಕಾಡುವುದು ಬಿಸಿಗಿಂತ ಜಾಸ್ತಿ ಅದರ ವೇಗ. ಎಂಪರರ್ ಪೆಂಗ್ವಿನ್ ಮರಿಯನ್ನೇ ನೋಡಿ. ಮೈತುಂಬ ಬೂದು ತುಪ್ಪಳು. ಅದು ನೀರು ತಡೆಯುವುದಿಲ್ಲ. ಅದು ಉದುರಿ ಗಟ್ಟಿ ಗರಿ ಬರುವ ತನಕ ಕಾಲಡಿಯ ಸಮುದ್ರದ ಮಂಜುಗಡ್ಡೆ ಒಡೆಯಬಾರದು. 2022ರಲ್ಲಿ ಅಂಟಾರ್ಕ್ಟಿಕಾ ಪಕ್ಕದ ಬೆಲ್ಲಿಂಗ್ಸ್‌ಹೌಸೆನ್ ಸಮುದ್ರದಲ್ಲಿ ಮಂಜುಗಡ್ಡೆ ಬೇಗ ಒಡೆಯಿತು. ಅಲ್ಲಿ ಗುರುತಿಸಿದ್ದ 5 ಪೆಂಗ್ವಿನ್ ನೆಲೆಗಳ ಪೈಕಿ 4ರಲ್ಲಿ ಮರಿಗಳು ಉಳಿಯಲಿಲ್ಲ ಎಂಬುದೇ ವಿಜ್ಞಾನಿಗಳ ತೀರ್ಮಾನ. ಈ ಹಕ್ಕಿ ಮೊದಲ ಮೊಟ್ಟೆ ಇಡುವಷ್ಟರಲ್ಲೇ ಐದಾರು ವರ್ಷ ಕಳೆದಿರುತ್ತದೆ. ವಿಕಾಸಕ್ಕೆ ಬೇಕಾದ ತಲೆಮಾರುಗಳು ಎಲ್ಲಿಂದ ಬರಬೇಕು?

ದೇಹ ಬದಲಾದರೆ ಒಳ್ಳೆಯದೇ ಆಗುತ್ತದೆ ಅಂತಲೂ ಇಲ್ಲ. ರೆಡ್ ನಾಟ್ ಅನ್ನುವ ಸಣ್ಣ ದಡದ ಹಕ್ಕಿ ಉತ್ತರ ಧ್ರುವದ ಕಡೆಗಿರುವ ರಷ್ಯಾದ ತೈಮಿರ್‌ನಲ್ಲಿ ಮರಿ ಮಾಡುತ್ತದೆ. ಅಲ್ಲಿ ಹಿಮ ಬೇಗ ಕರಗುತ್ತಿದೆ, ಹುಳಗಳೂ ಬೇಗ ಬಂದು ಹೋಗುತ್ತವೆ. ಮರಿ ಮೊಟ್ಟೆ ಒಡೆದು ಬರುವಾಗ ಊಟದ ಹೊತ್ತು ಮುಗಿದಿರುತ್ತದೆ. ಅರೆಹೊಟ್ಟೆಯಲ್ಲಿ ಬೆಳೆದ ಮೈ ಸಣ್ಣದು, ಕೊಕ್ಕು ಗಿಡ್ಡ. ಚಳಿಗಾಲಕ್ಕೆ ಪಶ್ಚಿಮ ಆಫ್ರಿಕಾದ ಮಾರಿಟೇನಿಯಾಕ್ಕೆ ಹೋದಾಗ ಮರಳಿನ ಆಳದ ಚಿಪ್ಪುಜೀವಿಗಳು ಆ ಕೊಕ್ಕಿಗೆ ಎಟುಕುವುದಿಲ್ಲ. ಧ್ರುವದ ಬಿಸಿಗೆ ಆಫ್ರಿಕಾದ ದಡದಲ್ಲಿ ಸಾವು.

ಇಷ್ಟರ ನಡುವೆ ಜೆಂಟೂ ಪೆಂಗ್ವಿನ್ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದಲ್ಲಿ ಇನ್ನೂ ದಕ್ಷಿಣಕ್ಕೆ ಹರಡುತ್ತಿದೆ. ಗೂಡಿಗೆ ಅದಕ್ಕೆ ಮಂಜು ಬೇಡ. ಬರಿ ನೆಲದ ಮೇಲೆ ಬೆಣಚುಕಲ್ಲುಗಳನ್ನು ಒಂದೊಂದಾಗಿ ಕೊಕ್ಕಿನಲ್ಲಿ ತಂದು ಪೇರಿಸುತ್ತದೆ. ಮುಂದೆಂದೋ ಆ ದಡದಲ್ಲಿ ಮರಗಳ ನೆರಳಿಗೆ ಪೆಂಗ್ವಿನ್ ನಿಂತರೆ, ಅದರ ಪೂರ್ವಜ ಇದೇ ಇರಬಹುದು ಅಂತ ನನ್ನ ಎಣಿಕೆ.