ಓಡುವಾಗ ಕುದುರೆ ಗಂಟಲಲ್ಲಿ ಸದ್ದು ಬಂದರೆ ಅದರ ಮೇಲೆ ದುಡ್ಡು ಹಾಕಬಾರದಾ?

ಪ್ರಶ್ನೆ: ಮೈಸೂರಿಗೆ ಹೋದಾಗ ಬೆಳಗ್ಗೆ ಬೇಗ ಎದ್ದು ರೇಸ್‌ಕೋರ್ಸ್ ಕಡೆ ಹೋಗಿದ್ದೆ. ಎತ್ತರದ ಕಂದು ಕುದುರೆಯೊಂದು ಜೋರಾಗಿ ಓಡುತ್ತಾ ಹಾದುಹೋಯಿತು, ಗರಗಸ ಎಳೆದ ಹಾಗೆ ಸದ್ದು. ಪಕ್ಕದಲ್ಲಿದ್ದ ಹಿರಿಯರೊಬ್ಬರು "ಅದಕ್ಕೆ ವಿಂಡ್ ಪ್ರಾಬ್ಲಂ, ಒಂದು ರೂಪಾಯಿನೂ ಹಾಕಬೇಡಿ" ಅಂದರು. ಏನಿದು ವಿಂಡ್ ಪ್ರಾಬ್ಲಂ? ಅವರು ಹೇಳಿದ್ದು ನಿಜವಾ?

ಉತ್ತರ: ವಿಂಡ್ ಪ್ರಾಬ್ಲಂ ಅಂದರೆ ಕುದುರೆಯ ಉಸಿರಾಟದ ತೊಂದರೆ. ಅವರು ಹೇಳಿದ್ದು ಅರ್ಧ ನಿಜ. ಸದ್ದು ಯಾವಾಗ ಬಂತು ಅನ್ನುವುದನ್ನು ಅವರು ಹೇಳಲಿಲ್ಲ, ನೀವೂ ಗಮನಿಸಿಲ್ಲ ಅಂತ ಕಾಣುತ್ತದೆ. ಉಸಿರು ಒಳಗೆ ಎಳೆಯುವಾಗ ಬಂತಾ, ಹೊರಗೆ ಬಿಡುವಾಗ ಬಂತಾ? ಎಲ್ಲಾ ಇರುವುದು ಅದರಲ್ಲೇ.

ಓಡುವ ಕುದುರೆಯಲ್ಲಿ ಅದನ್ನು ಗುರುತಿಸುವುದು ಹೇಗೆ ಅಂತೀರಾ? ಕಾಲು ನೋಡಿ. ನಾಗಾಲೋಟದಲ್ಲಿ ಕುದುರೆ ಒಂದು ನೆಗೆತಕ್ಕೆ ಒಂದೇ ಉಸಿರು ಆಡುತ್ತದೆ, ಅದು ತಪ್ಪುವುದಿಲ್ಲ. ಮೈ ಚಾಚಿ ಮುಂದಕ್ಕೆ ಹಾರುವಾಗ ಉಸಿರು ಒಳಗೆ. ಮುಂಗಾಲು ನೆಲಕ್ಕೆ ಬಿದ್ದು ಭಾರ ಮುಂದಕ್ಕೆ ಬಂದಾಗ ಉಸಿರು ಹೊರಗೆ. ಹಾಗಾಗಿ ಮುಂಗಾಲು ಬೀಳುವ ತಾಳಕ್ಕೆ ಸರಿಯಾಗಿ ಸದ್ದು ಬಂದರೆ ಅದು ಬಿಡುವ ಉಸಿರಿನ ಸದ್ದು, ಒಂದು ಸಲ ಬಿದ್ದು ಇನ್ನೊಂದು ಸಲ ಬೀಳುವುದರ ನಡುವೆ ಬಂದರೆ ಎಳೆಯುವ ಉಸಿರಿನದು. ಎರಡು ಮೂರು ಬೆಳಗ್ಗೆ ಬೇಲಿ ಪಕ್ಕ ನಿಂತರೆ ಕಿವಿಗೆ ರೂಢಿ ಆಗುತ್ತದೆ.

ಗಾಳಿಯ ಲೆಕ್ಕ ಸ್ವಲ್ಪ ನೋಡೋಣ, ಇಲ್ಲದಿದ್ದರೆ ಇದೆಲ್ಲಾ ಯಾಕೆ ಇಷ್ಟು ದೊಡ್ಡ ವಿಷಯ ಅಂತ ಗೊತ್ತಾಗುವುದಿಲ್ಲ. ಲಾಯದಲ್ಲಿ ಸುಮ್ನೆ ನಿಂತ ಕುದುರೆ ನಿಮಿಷಕ್ಕೆ ಹತ್ತು ಹನ್ನೆರಡು ಸಲ ಉಸಿರಾಡುತ್ತದೆ. ರೇಸಿನ ವೇಗದಲ್ಲಿ ಅದು 120 ದಾಟುತ್ತದೆ. ಪ್ರತಿ ಸಲವೂ ಹನ್ನೆರಡು ಲೀಟರಿಗೂ ಜಾಸ್ತಿ ಗಾಳಿ. ಒಟ್ಟು ನಿಮಿಷಕ್ಕೆ ಸುಮಾರು 1500 ಲೀಟರ್. ಮನೆ ಮೇಲೆ ಇಟ್ಟಿರುತ್ತೀವಲ್ಲ, ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕ್, ಅಂಥದ್ದು ಒಂದೂವರೆ ಟ್ಯಾಂಕ್ ಗಾಳಿ ಒಂದು ನಿಮಿಷದಲ್ಲಿ ಮೂಗಿನಿಂದ ಒಳಗೆ ಹೋಗಬೇಕು. ಮೂಗಿನಿಂದಲೇ. ನಾವು ಬಸ್ಸಿನ ಹಿಂದೆ ಓಡಿದರೆ ಬಾಯಿ ತೆರೆದು ಏದುಸಿರು ಬಿಡುತ್ತೇವೆ, ಕುದುರೆಗೆ ಆ ದಾರಿ ಇಲ್ಲ. ಅದರ ಅಂಗುಳಿನ ಹಿಂಭಾಗದ ಮೆತ್ತನೆ ಪರದೆ ಉಸಿರ್ನಾಳದ ಬಾಯಿಗೆ ಸುತ್ತಲೂ ಬಿಗಿಯಾಗಿ ಕೂತಿರುತ್ತದೆ, ಬಾಯಿಂದ ಗಾಳಿ ಹೋಗುವ ಸಂದೇ ಇಲ್ಲ. ಇಡೀ ದಾರಿಯಲ್ಲಿ ಎಲ್ಲೋ ಒಂದು ಕಡೆ ಸ್ವಲ್ಪ ಕಿರಿದಾದರೂ ಆಟ ಮುಗಿಯಿತು.

ಈಗ ನಿಮ್ಮ ಗರಗಸದ ಸದ್ದಿಗೆ ಬರೋಣ. ಎಳೆಯುವ ಉಸಿರಿನಲ್ಲಿ ಅಂಥ ಸದ್ದು ಬಂದರೆ ಮೊದಲ ಅನುಮಾನ ರೋರಿಂಗ್ ಅನ್ನುವ ಗಂಟಲ ಕಾಯಿಲೆ ಮೇಲೆ. ಶುರುವಿನಲ್ಲಿ ಸೀಟಿ ಹೊಡೆದ ಹಾಗೆ ಸಣ್ಣಗೆ ಇರುತ್ತದೆ, ಬಲಿತ ಮೇಲೆ ಗರಗಸ. ಕುದುರೆಯ ಧ್ವನಿಪೆಟ್ಟಿಗೆಯ ಬಾಯಲ್ಲಿ ಜೋಡಿ ಕದದ ಹಾಗೆ ಎರಡು ಮೆದು ಎಲುಬು ಇವೆ. ಉಸಿರು ಎಳೆಯುವಾಗ ಎರಡೂ ಪೂರ್ತಿ ತೆರೆಯಬೇಕು. ಈ ಕಾಯಿಲೆಯಲ್ಲಿ ಹೆಚ್ಚುಕಡಿಮೆ ಯಾವಾಗಲೂ ಕೆಡುವುದು ಎಡಗಡೆಯ ಕದ. ಅದನ್ನು ತೆರೆಯುವ ಸ್ನಾಯುವಿನ ನರ ಸಾಯುತ್ತಾ ಬರುತ್ತದೆ, ಸ್ನಾಯು ಕರಗುತ್ತದೆ, ಕದ ಜೋತುಬೀಳುತ್ತದೆ. ಎಳನೀರಿಗೆ ಹಾಕಿ ಕೊಡುವ ಪೇಪರ್ ಸ್ಟ್ರಾ ನೆನೆದು ಮೆತ್ತಗಾದ ಮೇಲೆ ಜೋರಾಗಿ ಎಳೆದರೆ ಒಳಕ್ಕೆ ಕುಸಿದು ಅಂಟಿಕೊಳ್ಳುತ್ತದಲ್ಲ, ಹಾಗೇ. ಕುದುರೆ ಜೋರಾಗಿ ಎಳೆದಷ್ಟೂ ಕದ ಒಳಕ್ಕೆ ಬೀಳುತ್ತದೆ.

ಎಡಗಡೆಯೇ ಯಾಕೆ? ಆ ನರದ ದಾರಿ ಕೇಳಿದರೆ ನಗು ಬರುತ್ತದೆ. ಮಿದುಳಿನಿಂದ ಹೊರಟು, ಗಂಟಲ ಪಕ್ಕದಲ್ಲೇ ಹಾದು, ಅಲ್ಲಿ ನಿಲ್ಲದೆ ಎದೆಗೂಡಿಗೆ ಇಳಿದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವನ್ನು ಒಂದು ಸುತ್ತು ಹಾಕಿ, ಮತ್ತೆ ಕುತ್ತಿಗೆ ಉದ್ದಕ್ಕೂ ಹತ್ತಿ ಗಂಟಲಿಗೆ ಬರುತ್ತದೆ. ದೊಡ್ಡ ಕುದುರೆಯಲ್ಲಿ ಈ ಪಯಣ ಎರಡು ಮೀಟರ್ ದಾಟುತ್ತದೆ. ಬಲಗಡೆಯ ನರ ಇಷ್ಟು ಕೆಳಗೆ ಇಳಿಯುವುದಿಲ್ಲ, ಬೇಗ ತಿರುಗಿ ಬರುತ್ತದೆ. ಎತ್ತರದ, ಉದ್ದ ಕುತ್ತಿಗೆಯ ಕುದುರೆಗಳಲ್ಲೇ ಈ ಕಾಯಿಲೆ ಜಾಸ್ತಿ, ಕುಳ್ಳ ಪೋನಿಗಳಲ್ಲಿ ಅಪರೂಪ. ನೀವು ನೋಡಿದ್ದೂ ಎತ್ತರದ್ದೇ ಅಂದಿರಿ. ಅಂದಹಾಗೆ ಇದೇ ನರ ನಮ್ಮಲ್ಲೂ ಇದೆ, ಥೈರಾಯ್ಡ್ ಆಪರೇಷನ್ ಆದವರಲ್ಲಿ ಕೆಲವರಿಗೆ ಗಂಟಲು ಒಡೆದ ಹಾಗೆ ಆಗುವುದು ಇದಕ್ಕೆ ಏಟು ಬಿದ್ದಾಗ.

ಕೆಲವು ವರ್ಷಗಳ ಹಿಂದೆ ಒಂದು ಲಾಯದಲ್ಲಿ ಹಳೇ ಸೈಸ್ (ಕುದುರೆ ನೋಡಿಕೊಳ್ಳುವವರು) ಒಬ್ಬರು ನನ್ನ ಕೈ ಹಿಡಿದು ಕುದುರೆಯ ಗಂಟಲ ಮೇಲೆ ಇಡಿಸಿದ್ದರು. "ಎರಡೂ ಕಡೆ ಒಟ್ಟಿಗೆ ಒತ್ತಿ ನೋಡಿ ಸಾರ್." ಬಲಗಡೆ ಬೆರಳಿನ ಕೆಳಗೆ ಮೆತ್ತಗೆ ತುಂಬಿಕೊಂಡಿತ್ತು. ಎಡಗಡೆ ಗೋಲಿಯಂಥ ಗಂಟು ನೇರ ಬೆರಳಿಗೆ ತಾಗಿತು. "ಮಾಂಸ ಕರಗಿದೆ, ಮೂಳೆ ಸಿಗ್ತಾ ಇದೆ" ಅಂದರು. ಆಮೇಲೆ ವೆಟ್, ಅಂದರೆ ಪಶುವೈದ್ಯರು, ಬಂದು ಸ್ಕೋಪ್ ಹಾಕಿದರು, ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆ ಅದು. ಮೇಲ್ತುಟಿಗೆ ಹಗ್ಗದ ಕುಣಿಕೆ ಹಾಕಿ ತಿರುಚಿ ಒಬ್ಬ ಹಿಡಿದುಕೊಂಡ, ಕುದುರೆ ಅಲ್ಲಾಡದೆ ನಿಂತಿತು, ಕರಿಯ ಕೊಳವೆ ಮೂಗಿನ ಹೊಳ್ಳೆಯಲ್ಲಿ ಸರಸರ ಒಳಗೆ ಹೋಯಿತು. ಪರದೆ ಮೇಲೆ ಗುಲಾಬಿ ಬಣ್ಣದ ಸುರಂಗ, ಅದರ ಕೊನೆಯಲ್ಲಿ ಎರಡು ಕದ. ವೆಟ್ ಅಂಗೈಯಿಂದ ಎರಡೂ ಹೊಳ್ಳೆಯನ್ನು ಕೆಲವು ಸೆಕೆಂಡ್ ಮುಚ್ಚಿ ಬಿಟ್ಟರು. ಉಸಿರಿಗಾಗಿ ಕುದುರೆ ಜೋರಾಗಿ ಎಳೆಯಿತು, ಬಲಗದ ಗೋಡೆಗೆ ತಾಗುವಷ್ಟು ತೆರೆಯಿತು, ಎಡಗದ ನಡುಗಿತು ಅಷ್ಟೇ. ಅಲ್ಲಿದ್ದ ಯಾರೂ ಮಾತಾಡಲಿಲ್ಲ.

ನಿಂತಾಗ ಸ್ಕೋಪಿನಲ್ಲಿ ಕಂಡದ್ದೇ ಕೊನೆ ಮಾತು ಅಂತಲೂ ಇಲ್ಲ. ನಿಂತಾಗ ಚೆನ್ನಾಗಿ ಕಾಣುವ ಕದ ಓಟದ ಸೆಳೆತಕ್ಕೆ ಕುಸಿಯಬಹುದು. ಅದಕ್ಕೇ ಈಗ ಕಡಿವಾಣದ ಪಟ್ಟಿಗೇ ಕೊಳವೆ ಕಟ್ಟಿ, ಜಾಕಿ ಕೂತು ಓಡಿಸುವಾಗಲೇ ಗಂಟಲನ್ನು ನೋಡುವ ಉಪಕರಣ ಬಂದಿದೆ.

ಹಾಗಾದರೆ ಹಿರಿಯರ ಮಾತೇ ಸರಿ, ರೋರಿಂಗ್ ಕುದುರೆ ಗೆಲ್ಲುವುದಿಲ್ಲ ಅನ್ನಬೇಡಿ. ಇಂಗ್ಲೆಂಡಿನ ಆರ್ಮಂಡ್ ಅನ್ನುವ ಕುದುರೆ 1886ರಲ್ಲಿ ಟ್ರಿಪಲ್ ಕ್ರೌನ್, ಅಂದರೆ ಒಂದೇ ವರ್ಷದ ಮೂರು ದೊಡ್ಡ ರೇಸು, ಗೆದ್ದಿತು. ಅದೇ ವರ್ಷ ಅದರ ಗಂಟಲಲ್ಲಿ ಸದ್ದು ಶುರುವಾಯಿತು. 1887ರಲ್ಲೂ ಓಡಿತು, ಆಗಲೂ ಸೋಲಲಿಲ್ಲ. ಒಟ್ಟು ಹದಿನಾರಕ್ಕೆ ಹದಿನಾರೂ ಗೆಲುವು. ಇದರ ತಾಯಿ ಲಿಲಿ ಆಗ್ನೆಸ್‌ಗೂ ಅದೇ ತೊಂದರೆ ಇತ್ತು. ವಂಶಕ್ಕೆ ಹಬ್ಬುತ್ತದೆ ಅನ್ನುವ ಭಯ, ಕೊನೆಗೆ ಆರ್ಮಂಡನ್ನು ಅರ್ಜೆಂಟೀನಾಕ್ಕೆ ಮಾರಿಬಿಟ್ಟರು. ಆದರೆ ಅಷ್ಟರಲ್ಲಿ ಒಂದು ಮರಿ ಹುಟ್ಟಿತ್ತು, ಆ ಮರಿಯ ಮರಿ ಫ್ಲೈಯಿಂಗ್ ಫಾಕ್ಸ್ 1899ರಲ್ಲಿ ಮತ್ತೆ ಟ್ರಿಪಲ್ ಕ್ರೌನ್ ಗೆದ್ದಿತು! ಆರ್ಮಂಡ್ ಅಪರೂಪದ ಕುದುರೆ ಬಿಡಿ. ಸಾಮಾನ್ಯ ಕುದುರೆಗಳಲ್ಲಿ ದೂರದ ಮೇಲೆ ಹೋಗುತ್ತದೆ. 1200 ಮೀಟರ್ ಓಟ ಒಂದು ನಿಮಿಷ ಹತ್ತು ಹದಿನೈದು ಸೆಕೆಂಡಿನಲ್ಲಿ ಮುಗಿಯುತ್ತದೆ, ಸ್ವಲ್ಪ ರೋರಿಂಗ್ ಇದ್ದರೂ ಹೇಗೋ ಎಳೆದುಬಿಡುತ್ತದೆ. 2400 ಮೀಟರ್ ಎರಡೂವರೆ ನಿಮಿಷ, ಅಲ್ಲಿ ಬಚ್ಚಿಡಲು ಆಗುವುದಿಲ್ಲ.

ರೋರಿಂಗ್‌ಗೆ ಔಷಧಿ ಇಲ್ಲ, ತಾನಾಗಿ ವಾಸಿಯೂ ಆಗುವುದಿಲ್ಲ. ಆಪರೇಷನ್ ಇದೆ. ಜೋತುಬಿದ್ದ ಕದವನ್ನು ಗಟ್ಟಿ ದಾರದಿಂದ ಹಿಂದಕ್ಕೆ ಎಳೆದು ಕಟ್ಟಿಬಿಡುತ್ತಾರೆ, ಟೈ ಬ್ಯಾಕ್ ಅನ್ನುವುದು ಅದಕ್ಕೇ. ಗಾಳಿ ಚೆನ್ನಾಗಿ ಹೋಗುತ್ತದೆ, ಆದರೆ ಆ ಕದ ಇರುವುದು ನುಂಗುವಾಗ ಮುಚ್ಚಿಕೊಳ್ಳುವುದಕ್ಕೂ ಅಲ್ವಾ? ಯಾವಾಗಲೂ ತೆರೆದೇ ಇದ್ದರೆ ಮೇವು, ನೀರು ಉಸಿರ್ನಾಳಕ್ಕೆ ಇಳಿಯಬಹುದು. ಈ ಆಪರೇಷನ್ ಆದ ಕೆಲವು ಕುದುರೆಗಳು ತಿನ್ನುವಾಗ ಕೆಮ್ಮುತ್ತವೆ. ದಾರ ಸಡಿಲ ಆಗುವುದೂ ಉಂಟು. ಇನ್ನೊಂದು ಹಳೆಯ ಆಪರೇಷನ್‌ಗೆ ಅದನ್ನು ಹೆಸರುವಾಸಿ ಮಾಡಿದ ಇಂಗ್ಲಿಷ್ ವೆಟ್ ಹಾಬ್‌ಡೇ ಅವರ ಹೆಸರೇ ಅಂಟಿಕೊಂಡಿದೆ, ಅದು ಸದ್ದು ಕಡಿಮೆ ಮಾಡುವಷ್ಟು ಗಾಳಿ ಹೆಚ್ಚಿಸುವುದಿಲ್ಲ. ಬ್ರಿಟನ್ನಿನಲ್ಲಿ 2018ರಿಂದ ಇಂಥ ಆಪರೇಷನ್ ಆದ ಕುದುರೆ ಮೊದಲ ಸಲ ಓಡುವಾಗ ರೇಸ್ ಕಾರ್ಡಿನಲ್ಲೇ ಅದನ್ನು ಹಾಕುತ್ತಾರೆ. ದುಡ್ಡು ಹಾಕುವವನಿಗೆ ಇಷ್ಟಾದರೂ ಗೊತ್ತಿರಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಬಿಡುವ ಉಸಿರಿನ ಸದ್ದು. ಇದರಲ್ಲಿ ಎರಡು ಬಗೆ. ನಿಧಾನಕ್ಕೆ ಓಡುವಾಗ ಮೂಗಿನ ಹೊಳ್ಳೆ ಪಟಪಟ ಬಡಿದು ಫರ್ ಫರ್ ಅನ್ನುತ್ತದೆ, ವೇಗ ಹೆಚ್ಚಿದರೆ ನಿಂತುಹೋಗುತ್ತದೆ. ಅದು ಕಾಯಿಲೆಯೇ ಅಲ್ಲ, ಉತ್ಸಾಹ. ಇನ್ನೊಂದು ಗೊರಗೊರ, ನೀರಲ್ಲಿ ಗಾಳಿ ಊದಿದ ಹಾಗೆ. ಆಗಲೇ ಹೇಳಿದ ಅಂಗುಳಿನ ಪರದೆ ಓಟದ ಮಧ್ಯೆ ಜಾಗ ತಪ್ಪಿ ಉಸಿರ್ನಾಳದ ಬಾಯಿ ಮೇಲೆ ಎದ್ದು ಕೂತರೆ ಬರುವುದು ಅದು. ಇದು ಬರುವುದು ಸಾಮಾನ್ಯವಾಗಿ ಕೊನೆಯ ಎರಡು ಮೂರು ಫರ್ಲಾಂಗಿನಲ್ಲಿ, ಕುದುರೆ ದಣಿದಾಗ. ಮುಂದೆ ಮುಂದೆ ಓಡುತ್ತಿದ್ದ ಫೇವರಿಟ್ ಬ್ರೇಕ್ ಹಾಕಿದ ಹಾಗೆ ನಿಂತುಬಿಡುತ್ತದೆ. ಒಂದೆರಡು ಸಲ ನುಂಗಿದರೆ ಪರದೆ ತನ್ನ ಜಾಗಕ್ಕೆ ಹೋಗುತ್ತದೆ, ಅಷ್ಟರಲ್ಲಿ ರೇಸ್ ಹೋಗಿರುತ್ತದೆ. ಗ್ಯಾಲರಿಯಲ್ಲಿ ಆಗ ಏನು ಕೂಗುತ್ತಾರೆ ಅಂತ ನಿಮಗೇ ಗೊತ್ತು. "ಎಳೆದ ಎಳೆದ, ಜಾಕಿ ಎಳೆದ!" ನಾನೂ ಕೂಗಿದ್ದೇನೆ, ಸುಳ್ಳು ಯಾಕೆ. ಜಾಕಿ ಬೇಕಂತಲೇ ಲಗಾಮು ಎಳೆದು ಸೋಲಿಸುವುದು ಎಲ್ಲೂ ಇಲ್ಲ ಅನ್ನುತ್ತಿಲ್ಲ. ಆದರೆ ಕುದುರೆ ವಾಪಸ್ ಬರುವಾಗ ನುಂಗುತ್ತಾ, ಕತ್ತು ಒದರುತ್ತಾ ಬಂದರೆ ಜಾಕಿಯನ್ನು ಬೈಯುವ ಮೊದಲು ಇದನ್ನು ನೆನಪಿಸಿಕೊಳ್ಳಿ. ಇನ್ನೊಂದು ತೊಡಕು, ಪರದೆ ತಪ್ಪಿದ ಕುದುರೆಗಳಲ್ಲಿ ಒಂದಷ್ಟು ಯಾವ ಸದ್ದೂ ಮಾಡುವುದಿಲ್ಲ.

ಕೆಲವು ಕುದುರೆಗಳ ನಾಲಿಗೆಯನ್ನು ಬಟ್ಟೆ ಪಟ್ಟಿಯಿಂದ ಕೆಳದವಡೆಗೆ ಕಟ್ಟಿರುವುದನ್ನು ಪ್ಯಾಡಕ್‌ನಲ್ಲಿ (ರೇಸಿಗೆ ಮುಂಚೆ ಕುದುರೆಗಳನ್ನು ನಡೆಸುವ ಜಾಗ) ನೋಡಿರಬಹುದು. ನಾಲಿಗೆ ಹಿಂದಕ್ಕೆ ಸರಿಯದೆ ಇದ್ದರೆ ಪರದೆಯೂ ಜಾಗ ತಪ್ಪುವುದಿಲ್ಲ ಅನ್ನುವ ಲೆಕ್ಕ. ಕೆಲವಕ್ಕೆ ಕೆಲಸ ಮಾಡುತ್ತದೆ, ಕೆಲವಕ್ಕೆ ಇಲ್ಲ. ಎಳೆಯ ಕುದುರೆಗಳಲ್ಲಿ ಮೈ ಬಲಿತು ಫಿಟ್ ಆದ ಮೇಲೆ ಎಷ್ಟೋ ಸಲ ತಾನೇ ಸರಿಹೋಗುತ್ತದೆ. ಎರಡು ವರ್ಷದ ಮರಿಗೆ ಆತುರ ಮಾಡಿ ಆಪರೇಷನ್ ಮಾಡಿಸಬಾರದು ಅನ್ನುವುದು ಅದಕ್ಕೇ.

ಮೂಗಿನಲ್ಲಿ ರಕ್ತ ಕಂಡರೆ ಅದು ಬೇರೆ ಕಥೆ, ಸಾಮಾನ್ಯವಾಗಿ ಬರುವುದು ಗಂಟಲಿನಿಂದ ಅಲ್ಲ, ಶ್ವಾಸಕೋಶದಿಂದ. ಓಟದ ಒತ್ತಡಕ್ಕೆ ಅಲ್ಲಿನ ಸಣ್ಣ ರಕ್ತನಾಳಗಳು ಒಡೆಯುತ್ತವೆ. ಹಾಂಗ್‌ಕಾಂಗ್‌ನಲ್ಲಿ ಹೀಗೆ ಮತ್ತೆ ಮತ್ತೆ ರಕ್ತ ಬಂದರೆ ಕುದುರೆ ನಿವೃತ್ತಿ ಆಗಲೇಬೇಕು.

ಗಂಟಲು ಸರಿ ಇದ್ದೂ ಉಸಿರು ಕೆಡುವುದು ಧೂಳಿನಿಂದ. ನಮ್ಮ ಕಣ್ಣಿಗೆ ಲಾಯ ಸ್ವಚ್ಛ ಕಾಣುತ್ತದೆ. ಆದರೆ ಒಣಹುಲ್ಲಿನ ಕಟ್ಟು ಬಿಚ್ಚಿ ಬಿಸಿಲಿಗೆ ಒದರಿ ನೋಡಿ, ಏಳುವ ಹೊಗೆಯಂಥ ಧೂಳಿನಲ್ಲಿ ಬೂಷ್ಟಿನ ಕಣಗಳೂ ಇರುತ್ತವೆ. ಕುದುರೆ ದಿನದ ಇಪ್ಪತ್ತು ಗಂಟೆಗೂ ಜಾಸ್ತಿ ಅದರಲ್ಲೇ ಮೂಗಿಟ್ಟು ನಿಂತಿರುತ್ತದೆ. ಹುಲ್ಲನ್ನು ನೆನೆಸಿ ಕೊಟ್ಟರೆ ಅರ್ಧ ಕೆಮ್ಮು ಹೋಗುತ್ತದೆ, ಇದಕ್ಕಿಂತ ಅಗ್ಗದ ಮದ್ದು ಇಲ್ಲ. ಬೆಂಗಳೂರಿನಿಂದ ಮುಂಬೈಗೋ ಹೈದರಾಬಾದಿಗೋ ಲಾರಿಯಲ್ಲಿ ಕಳಿಸುವಾಗಲೂ ಅಷ್ಟೇ. ತಲೆ ಎತ್ತಿ ಕಟ್ಟಿದರೆ ಕಫ ಇಳಿಯುವುದಿಲ್ಲ, ಕುದುರೆ ತಲೆ ಬಗ್ಗಿಸಿದರೇ ಅದು ಹೊರಗೆ ಬರುವುದು. ದಾರಿಯಲ್ಲಿ ನಿಲ್ಲಿಸಿ ತಲೆ ಬಿಚ್ಚದೆ ರಾತ್ರಿಯಿಡೀ ಓಡಿಸಿದರೆ ತಲುಪಿದ ಎರಡು ದಿನಕ್ಕೆ ಜ್ವರ, ಕೆಲವಕ್ಕೆ ನ್ಯುಮೋನಿಯಾ.

ನಿಮ್ಮ ಕಂದು ಕುದುರೆಗೆ ವಾಪಸ್ ಬರುತ್ತೇನೆ. ಎತ್ತರದ್ದು, ಗರಗಸದ ಸದ್ದು, ಜೋರು ಓಟ. ಸದ್ದು ಮುಂಗಾಲು ಬೀಳುವುದರ ನಡುವೆ ಬಂದಿದ್ದರೆ ನಿಮ್ಮ ಹಿರಿಯರ ಕಿವಿ ಸರಿ ಇದೆ. ಆಗಲೂ 1200 ಮೀಟರಿಗೆ ಇಳಿಸಿದರೆ ನಾನಂತೂ ಅದನ್ನು ಪೂರ್ತಿ ತೆಗೆದುಹಾಕುವುದಿಲ್ಲ, ಮೈಲಿ ದಾಟಿದರೆ ಮುಟ್ಟುವುದಿಲ್ಲ. ಮುಂದಿನ ಸಲ ಹೋದಾಗ ಕಾಲು ನೋಡಿಕೊಂಡು ಕೇಳಿ, ಯಾವುದು ಅಂತ ನನಗೂ ಬರೆಯಿರಿ.