ಬೆವರನ್ನು ಜಿಡ್ಡೆಂದು ಭಾವಿಸಿ ಖರೀದಿಸುವ ಫೇಸ್‌ವಾಶ್

ಮಾರ್ಚ್ ತಿಂಗಳಿನಿಂದ ಮಳೆ ಹಿಡಿಯುವವರೆಗೆ ಉಡುಪಿಯ ನಮ್ಮ ಚಿಕಿತ್ಸಾಲಯಕ್ಕೆ ಬರುವ ಅನೇಕರು "ಡಾಕ್ಟ್ರೇ, ನನ್ನದು ಎಣ್ಣೆ ಚರ್ಮ" ಎಂದೇ ಮಾತು ಆರಂಭಿಸುತ್ತಾರೆ. ಪರೀಕ್ಷಿಸಿ ನೋಡಿದರೆ ಅವರಲ್ಲಿ ಹಲವರ ಮುಖದಲ್ಲಿ ಹೊಳೆಯುತ್ತಿರುವುದು ಈ ಸೆಖೆಯಲ್ಲಿ ಆರದೆ ನಿಂತ ಬೆವರು. ಅದು ಉಪ್ಪುನೀರು, ಬರಿಯ ತಣ್ಣೀರಿನಿಂದ ಹೋಗುತ್ತದೆ. ಜಿಡ್ಡಾದರೋ ಕೂದಲ ಬುಡದ ಗ್ರಂಥಿಗಳು ಸ್ರವಿಸುವ ಕೊಬ್ಬು. ಬೆವರಿಗೆಂದು ಜಿಡ್ಡು ತೆಗೆಯುವ ಪ್ರಬಲ ಫೇಸ್‌ವಾಶ್ ಬಳಸಿದರೆ ಚರ್ಮದ ಹೊರಪದರದಲ್ಲಿ ತೇವವನ್ನು ಹಿಡಿದಿಡುವ ಕೊಬ್ಬಿನಂಶವೇ ತೊಳೆದುಹೋಗುತ್ತದೆ.

ಆದುದರಿಂದ ಕೊಳ್ಳುವ ಮುನ್ನ ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದು. ಮುಖ ತೊಳೆದು, ಬೈರಾಸಿನಿಂದ ಮೆಲ್ಲಗೆ ಒತ್ತಿ ಒರೆಸಿ, ಏನನ್ನೂ ಹಚ್ಚದೆ ಫ್ಯಾನಿನ ಕೆಳಗೆ ಒಂದು ಗಂಟೆ ಕುಳಿತು, ಅನಂತರ ಹಣೆ, ಮೂಗು ಮತ್ತು ಕೆನ್ನೆಗಳಿಗೆ ತೆಳು ಕಾಗದದ ಬೇರೆ ಬೇರೆ ತುಂಡುಗಳನ್ನು ಒತ್ತಿ ನೋಡಬೇಕು. ಬೆವರಿನ ಒದ್ದೆ ಆರಿಹೋಗುತ್ತದೆ. ಜಿಡ್ಡಾದರೆ ಗೋಳಿಬಜೆ ಕಟ್ಟಿದ ಕಾಗದದಂತೆ ಬೆಳಕು ಹಾಯುವ ಕಲೆ ಉಳಿಯುತ್ತದೆ. ಎಲ್ಲ ತುಂಡುಗಳಲ್ಲೂ ಕಲೆಯಿದ್ದರೆ ಎಣ್ಣೆ ಚರ್ಮ, ಹಣೆ ಮೂಗಿನಲ್ಲಿ ಮಾತ್ರ ಇದ್ದರೆ ಮಿಶ್ರ ಚರ್ಮ. ಕಲೆಯಿಲ್ಲದೆ ಮುಖ ಬಿಗಿದಂತಾದರೆ ಒಣ ಚರ್ಮ.

ಎಣ್ಣೆ ಚರ್ಮದ ಜೊತೆಗೆ ಮೊಡವೆಯೂ ಇದ್ದರೆ 2 ಶೇಕಡಾವರೆಗಿನ ಸ್ಯಾಲಿಸಿಲಿಕ್ ಆಮ್ಲವಿರುವ ಫೇಸ್‌ವಾಶ್ ಉಪಯುಕ್ತ, ಏಕೆಂದರೆ ಆ ಆಮ್ಲವು ಕೊಬ್ಬಿನಲ್ಲಿ ಕರಗಿ ರಂಧ್ರದೊಳಗೆ ಇಳಿಯಬಲ್ಲುದು. ಒಣ ಚರ್ಮದವರಿಗೆ, ಮುಖ್ಯವಾಗಿ ಹಿರಿಯರಿಗೆ, ಗ್ಲಿಸರಿನ್ ಅಥವಾ ಸೆರಮೈಡ್ (ಚರ್ಮದ ಹೊರಪದರದಲ್ಲೂ ಇರುವ ಒಂದು ಕೊಬ್ಬಿನಂಶ) ಇರುವ, ನೊರೆ ಕಡಿಮೆ ಬರುವ ದ್ರವವೇ ಹಿತ. ನೊರೆ ಹೆಚ್ಚಾದಷ್ಟೂ ಸ್ವಚ್ಛತೆ ಹೆಚ್ಚು ಎಂಬ ನಂಬಿಕೆಗೆ ಆಧಾರವಿಲ್ಲ. ಮಿಶ್ರ ಚರ್ಮಕ್ಕೆ ಸುಗಂಧವಿಲ್ಲದ ಸೌಮ್ಯ ಫೇಸ್‌ವಾಶ್ ಸಾಕು.

ಸೋಪಿನ ಪೊಟ್ಟಣದಲ್ಲಿ ಟಿಎಫ್‌ಎಂ (ಒಟ್ಟು ಕೊಬ್ಬಿನ ಅಂಶ) 76 ಶೇಕಡಾ ಎಂದು ಕಂಡು ಅದನ್ನೇ ಮುಖಕ್ಕೂ ಆರಿಸುವವರಿದ್ದಾರೆ. ಆ ಅಂಕಿಯು ಸೋಪಿನಲ್ಲಿರುವ ಕೊಬ್ಬಿನಾಮ್ಲಗಳ ಪ್ರಮಾಣವನ್ನು ಹೇಳುತ್ತದೆಯೇ ಹೊರತು ಸೌಮ್ಯತೆಯನ್ನಲ್ಲ. ನಮ್ಮ ಚರ್ಮದ ಪಿಎಚ್ (ಆಮ್ಲ-ಕ್ಷಾರಗಳ ಅಳತೆ; 7ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ) 5ರ ಆಸುಪಾಸಿನಲ್ಲಿದ್ದರೆ ಸಾಮಾನ್ಯ ಸೋಪಿನದು 9ರಿಂದ 10. ಈ ಕ್ಷಾರದಿಂದಾಗಿಯೇ ತೊಳೆದ ಮೇಲೆ ಮುಖ ಎಳೆದಂತಾಗುವುದು. ಬಿಲ್ಲೆಯೇ ಬೇಕೆನ್ನುವವರು ಸಿಂಡೆಟ್ ಬಾರ್ (ಸೋಪಿನ ಬದಲು ಸೌಮ್ಯ ಕೃತಕ ಮಾರ್ಜಕದಿಂದ ಮಾಡಿದ ಬಿಲ್ಲೆ) ಕೇಳಿ ಪಡೆಯಬಹುದು.

ಕಳೆದ ಬೇಸಗೆಯಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ದಿನಕ್ಕೆ ಐದು ಬಾರಿ ಮೊಡವೆಯ ಫೇಸ್‌ವಾಶ್ ಬಳಸಿ, ಕೆನ್ನೆಯ ಸಿಪ್ಪೆ ಏಳುವಷ್ಟು ಉರಿ ತಂದುಕೊಂಡು ಬಂದಿದ್ದಳು. ಅದನ್ನು ನಿಲ್ಲಿಸಿ, ಬೆಳಿಗ್ಗೆ ಮತ್ತು ರಾತ್ರಿ ಮಾತ್ರ ಸೌಮ್ಯವಾದುದನ್ನು ಬಳಸಿ, ನಡುವೆ ಬೆವರಿದಾಗ ಬರಿಯ ನೀರು ಸಾಕೆಂದು ತಿಳಿಸಿದೆ. ನಾಲ್ಕು ವಾರಗಳಲ್ಲಿ ಉರಿ ಇಳಿಯಿತು. ಹಣೆಯ ಮೊಡವೆಗಳಿಗೆ ತಲೆಗೆ ಹಚ್ಚಿದ ತೆಂಗಿನೆಣ್ಣೆಯು ಬೆವರಿನೊಡನೆ ಇಳಿಯುವುದೂ ಕಾರಣವಾಗಿತ್ತು. ಅದನ್ನು ಯಾವ ಫೇಸ್‌ವಾಶ್ ತಾನೇ ತಡೆದೀತು?

ಹಣೆಯಲ್ಲಿ ಒಂದೇ ಗಾತ್ರದ, ತುರಿಸುವ ಸಣ್ಣ ಗುಳ್ಳೆಗಳೆದ್ದರೆ ಮಾತ್ರ ಫೇಸ್‌ವಾಶ್ ಬದಲಿಸುತ್ತ ಕಾಲ ಕಳೆಯಬಾರದು. ತೇವದ ಹವೆಯಲ್ಲಿ ಅದು ಶಿಲೀಂಧ್ರದ ಸೋಂಕಾಗಿರಬಹುದು. ಅದರ ಔಷಧವೇ ಬೇರೆ.