ತುಳು ಬರುವ ಹುಡುಗನಿಗೆ ಇಂಗ್ಲಿಷ್ ಯಾಕೆ ಬಾಯಿಗೆ ಬರುವುದಿಲ್ಲ?

ಇಂಟರ್‌ವ್ಯೂನಲ್ಲಿ ಹುಡುಗ ಬಾಯಿ ಬಿಡಲಿಲ್ಲ ಅಂದರೆ ನಮ್ಮ ಕಡೆ ಕೂಡಲೇ ತೀರ್ಪು ಬರುತ್ತದೆ: "ಅವನಿಗೆ ಗ್ರಾಮರ್ ವೀಕ್." ಮುಂದಿನ ವಾರವೇ ಟ್ಯೂಷನ್. ಅಲ್ಲಿ ಮತ್ತೆ ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್. ಆರು ತಿಂಗಳಾದ ಮೇಲೆ ಪ್ಯಾಸಿವ್ ವಾಯ್ಸ್ ಚೆನ್ನಾಗಿಯೇ ಬರುತ್ತದೆ. ಇಂಟರ್‌ವ್ಯೂನಲ್ಲಿ ಮಾತ್ರ ಮತ್ತೆ ಅದೇ ಕಥೆ.

ಈ ಹುಡುಗ ಯಾರು ಅಂತ ಸ್ವಲ್ಪ ನೋಡಿ. ಮನೆಯಲ್ಲಿ ತುಳು. ಶಾಲೆಯಲ್ಲಿ ಕನ್ನಡ. ಪಕ್ಕದ ಮನೆಯವರ ಕೊಂಕಣಿಯೋ ಬ್ಯಾರಿಯೋ ಆಡಲು ಬಾರದಿದ್ದರೂ ಪೂರ್ತಿ ಅರ್ಥವಾಗುತ್ತದೆ. ಹಿಂದಿಯನ್ನು ಟಿವಿ ಕಲಿಸಿದೆ. ಮಂಗಳೂರು, ಉಡುಪಿ ಕಡೆ ಇದನ್ನು ಯಾರೂ ಸಾಧನೆ ಅಂತ ಲೆಕ್ಕಕ್ಕೇ ಇಡುವುದಿಲ್ಲ. ಸರ್ವಿಸ್ ಬಸ್ಸಿನ ಕಂಡಕ್ಟರ್ ಒಂದೇ ಟ್ರಿಪ್ಪಿನಲ್ಲಿ ನಾಲ್ಕು ಭಾಷೆಯಲ್ಲಿ ಚಿಲ್ಲರೆ ಕೇಳುತ್ತಾನೆ. ಇಂಥ ಊರಿನಲ್ಲಿ ಬೆಳೆದವನಿಗೆ "ಭಾಷೆ ತಲೆಗೆ ಹತ್ತುವುದಿಲ್ಲ" ಅನ್ನುವುದು ಎಂಥ ತಮಾಷೆ, ಅಲ್ವಾ?

ಹಾಗಾದರೆ ಇಂಗ್ಲಿಷ್ ಬಂದಾಗ ಏನಾಗುತ್ತದೆ? ಒಂದು ಕ್ಲಾಸಿನೊಳಗೆ ಹೋಗಿ ನೋಡೋಣ. ಕನ್ನಡ ಮೀಡಿಯಂನಿಂದ ಬಂದು ಪಿಯುಸಿ ಸೈನ್ಸ್ ಸೇರಿದ ಹುಡುಗಿ. ನಿನ್ನೆ ಯಾಕೆ ಬರಲಿಲ್ಲ ಅಂತ ಲೆಕ್ಚರರ್ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಹೇಳಬೇಕಾದ್ದು ಇಷ್ಟೇ: ಅಜ್ಜಿ ಮನೆಯಲ್ಲಿ ನೇಮ (ನಮ್ಮ ಕಡೆಯ ಭೂತಾರಾಧನೆ) ಇತ್ತು. ಕನ್ನಡದಲ್ಲಿ 'ಇತ್ತು' ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಮುಂದಕ್ಕೆ ತರಬೇಕು. 'ಈಸ್' ಹಾಕುವುದೋ 'ವಾಸ್' ಹಾಕುವುದೋ? ಮನೆಗೆ 'ಇನ್' ಸರಿಯೋ 'ಅಟ್' ಸರಿಯೋ? ನೇಮಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಅದಕ್ಕೆ ಮೊದಲು 'ಎ' ಬೇಕೋ 'ದ' ಬೇಕೋ? ಇಷ್ಟರಲ್ಲಿ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ಹುಡುಗಿ "ಫೀವರ್ ಸರ್" ಅಂದು ಕೂತುಬಿಡುತ್ತಾಳೆ.

ಆ ನಾಲ್ಕೈದು ಸೆಕೆಂಡಿನಲ್ಲಿ ಅವಳ ತಲೆಯಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನಗೆ ಇಷ್ಟವಾದ ಭಾಗ ಇದೇ.

ಕೈಗೆತ್ತಿಕೊಂಡ ಕೆಲಸಕ್ಕೆ ಬೇಕಾದ ವಿಷಯವನ್ನು ಕ್ಷಣಕಾಲ ಹಿಡಿದಿಡುವ ವ್ಯವಸ್ಥೆಯೊಂದು ಮೆದುಳಿನಲ್ಲಿದೆ. ಅದಕ್ಕೆ ಕಾರ್ಯಸ್ಮೃತಿ ಅನ್ನುತ್ತಾರೆ. ಬ್ಯಾಡ್ಲಿ ಮತ್ತು ಹಿಚ್ ಎಂಬ ಇಬ್ಬರು ಬ್ರಿಟಿಷ್ ಮನೋವಿಜ್ಞಾನಿಗಳು 1974ರಲ್ಲಿ ಇದರ ಮಾದರಿಯನ್ನು ಮುಂದಿಟ್ಟರು. ಇದರಲ್ಲಿ ಜಾಗ ತೀರಾ ಕಡಿಮೆ. ಏಳು ಸಂಗತಿ ಹಿಡಿಯುತ್ತದೆ ಅಂತ 1956ರಲ್ಲಿ ಜಾರ್ಜ್ ಮಿಲ್ಲರ್ ಅಂದಾಜು ಹಾಕಿದ್ದರು. ನಾಲ್ಕೇ ಇರಬೇಕು ಅಂತ 2001ರಲ್ಲಿ ನೆಲ್ಸನ್ ಕೋವನ್ ವಾದಿಸಿದರು. ನಾಲ್ಕು ಅಂತಲೇ ಇಟ್ಟುಕೊಳ್ಳೋಣ. ನಾಲ್ಕೇ ಸೀಟಿನ ಬಸ್ಸು.

ತುಳು ಮಾತಾಡುವಾಗ ಈ ಸೀಟುಗಳು ಬಹುಪಾಲು ಖಾಲಿ ಇರುತ್ತವೆ. ಪದ ಹುಡುಕುವುದು, ಜೋಡಿಸುವುದು, ಉಚ್ಚರಿಸುವುದು ಎಲ್ಲ ತಾನಾಗಿ ಆಗುತ್ತದೆ. ಸೆಕೆಂಡಿಗೆ ಎರಡು ಮೂರು ಪದ ಸಲೀಸಾಗಿ ಹೊರಗೆ ಬರುತ್ತವೆ. ಹೊಸ ಭಾಷೆಯಲ್ಲಿ ಈ ಒಂದೊಂದು ಕೆಲಸಕ್ಕೂ ಸೀಟು ಬೇಕು. 'ವಾಸ್' ಒಂದು ಸೀಟು ಹಿಡಿಯುತ್ತದೆ, 'ಅಟ್' ಇನ್ನೊಂದು, ಹೇಳಬೇಕಾದ ವಿಷಯ ಮತ್ತೊಂದು. ಬಸ್ಸು ಆಗಲೇ ಫುಲ್. ಅಷ್ಟರಲ್ಲಿ ಭಯ ಹತ್ತುತ್ತದೆ. ಅದು ನಿಂತು ಬರುವ ಪೈಕಿಯಲ್ಲ. 'ನಗುತ್ತಾರೆ', 'ಸರ್ ಏನಂದುಕೊಳ್ಳುತ್ತಾರೆ' ಎಂಬ ಎರಡು ಯೋಚನೆಗಳನ್ನು ಜೊತೆಗೆ ಕರೆತಂದು ಕೂತವರನ್ನು ಎಬ್ಬಿಸುತ್ತದೆ. ಕೆಳಗಿಳಿಯುವುದು ಯಾರು? 'ವಾಸ್' ಮತ್ತು 'ಅಟ್'. ಅವು ಅವಳಿಗೆ ಗೊತ್ತಿಲ್ಲ ಅಂತಲ್ಲ. ಮನೆಗೆ ಹೋಗುವ ದಾರಿಯಲ್ಲಿ ಅದೇ ವಾಕ್ಯ ಪೂರ್ತಿ, ಒಂದೂ ತಪ್ಪಿಲ್ಲದೆ ಅವಳಿಗೆ ಹೊಳೆಯುತ್ತದೆ.

ಈ ಭಯ ಬರೀ ನಾಚಿಕೆ ಸ್ವಭಾವ ಅಂದುಕೊಂಡವರಿದ್ದಾರೆ. ಅಮೆರಿಕದ ಇಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ ಇದು ಭಾಷೆಯ ತರಗತಿಗೇ ಸೇರಿದ ಬೇರೆ ಬಗೆಯ ಆತಂಕ ಅಂದರು. ಅದನ್ನು ಅಳೆಯಲು 33 ಹೇಳಿಕೆಗಳ ಪ್ರಶ್ನಾವಳಿ ಮಾಡಿದರು. ನಾನು ಮಾತಾಡಿದರೆ ಉಳಿದವರು ನಗುತ್ತಾರೆ ಎಂಬ ಭಯವೂ ಅದರಲ್ಲಿದೆ. ಗಣಿತದ ಕ್ಲಾಸಿನಲ್ಲಿ ಧೈರ್ಯವಾಗಿ ಕೈ ಎತ್ತುವವರೂ ಇಲ್ಲಿ ತಲೆ ತಗ್ಗಿಸಬಹುದು. ಲೆಕ್ಕ ತಪ್ಪಿದರೆ ಲೆಕ್ಕ ತಪ್ಪಿತು, ಅಷ್ಟೇ. ಮಾತು ತಪ್ಪಿದರೆ ಇವಳೇ ದಡ್ಡಿ ಅಂತಾಗುತ್ತದೆ.

ಇದರ ಜೊತೆ 'ವಯಸ್ಸು ದಾಟಿತು, ಇನ್ನು ಭಾಷೆ ಬರಲ್ಲ' ಎಂಬ ನಂಬಿಕೆ ಬೇರೆ. ಅದಕ್ಕೇ ಎಲ್‌ಕೆಜಿ ಮಗುವನ್ನು ಇಂಗ್ಲಿಷಿಗೆ ನೂಕುವ ಅವಸರ. ಸಣ್ಣ ಮಕ್ಕಳಿಗೆ ಉಚ್ಚಾರದಲ್ಲಿ ಲಾಭ ಇರುವುದು ನಿಜ. ಆದರೆ 1978ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ನೆದರ್ಲ್ಯಾಂಡ್ಸಿಗೆ ಹೋಗಿ ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕರನ್ನು ಕ್ಯಾಥರೀನ್ ಸ್ನೋ ಮತ್ತು ಹೂಫ್ನಾಗೆಲ್-ಹೋಲೆ ಗಮನಿಸಿದರು. ಮೊದಲ ತಿಂಗಳುಗಳಲ್ಲಿ ಬೇಗ ಕಲಿತದ್ದು 12ರಿಂದ 15 ವರ್ಷದವರು ಮತ್ತು ದೊಡ್ಡವರು. ಹಿಂದೆ ಬಿದ್ದವರು ಮೂರರಿಂದ ಐದು ವರ್ಷದ ಪುಟಾಣಿಗಳು! ಇನ್ನು ಮಗುವಿನ ನಾಲಿಗೆ ಚುರುಕಾಗಲಿ ಅಂತ ಬಜೆ ತೇದು ನೆಕ್ಕಿಸುವುದು ಅಜ್ಜಿಯರ ಕಾಲದ್ದು, ಹೋಗಲಿ ಬಿಡಿ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ, ಮಿಡ್‌ಬ್ರೈನ್ (ನಡುಮೆದುಳು) ಚುರುಕು ಮಾಡುತ್ತೇವೆ ಅನ್ನುವ ಕ್ಲಾಸಿಗೆ ಸಾವಿರಗಟ್ಟಲೆ ಫೀಸು ಸುರಿಯುವವರು ಓದಿದವರೇ. ಬಟ್ಟೆಗೂ ಮೂಗಿಗೂ ನಡುವಿನ ಸಂದಿಯಲ್ಲಿ ಇಣುಕುವುದಕ್ಕೆ ಮಿಡ್‌ಬ್ರೈನ್ ಯಾಕೆ?

ದೊಡ್ಡವರಾದ ಮೇಲೆ ಕಲಿತವರ ಚರಿತ್ರೆ ನಮ್ಮ ಮಂಗಳೂರಿನಲ್ಲೇ ಇದೆ. ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಇಲ್ಲಿಗೆ ಬಂದರು. ಹರ್ಮನ್ ಮೊಗ್ಲಿಂಗ್ ಬಂದದ್ದು 1836ರಲ್ಲಿ, ಇಪ್ಪತ್ತೈದರ ಆಸುಪಾಸಿನಲ್ಲಿ. ಏಳು ವರ್ಷ ಕಳೆಯುವುದರೊಳಗೆ, 1843ರಲ್ಲಿ, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದರು. ಕಿಟೆಲ್ 1853ರಲ್ಲಿ ಬಂದರು. ಅವರ ನಿಘಂಟು 1894ರಲ್ಲಿ ಇಲ್ಲಿನ ಮಿಷನ್ ಪ್ರೆಸ್ಸಿನಲ್ಲೇ ಅಚ್ಚಾಯಿತು. ಇವರ ಶ್ರಮ ದೊಡ್ಡದು, ಸಂಶಯವೇ ಇಲ್ಲ. ಆದರೆ ಇನ್ನೊಂದು ಅನುಕೂಲವೂ ಇತ್ತು ಅಂತ ನನಗನ್ನಿಸುತ್ತದೆ. ತಪ್ಪು ಕನ್ನಡ ಆಡಿದ ದೊರೆಯ ಎದುರು ಕಿಸಕ್ಕನೆ ನಗುವ ಧೈರ್ಯ ಯಾರಿಗಿತ್ತು? ಇಂದಿಗೂ ಅಷ್ಟೇ. ಮಣಿಪಾಲಕ್ಕೆ ಓದಲು ಬಂದ ವಿದೇಶಿ ಹುಡುಗ "ಊಟ ಆಯ್ತಾ" ಅಂದರೆ ಚಪ್ಪಾಳೆ. ನಮ್ಮ ಹುಡುಗಿ 'ವಾಸ್' ಬದಲು 'ಈಸ್' ಅಂದರೆ ನಗು.

ಕಲಿಸುವ ಪದ್ಧತಿಗಳ ವಿಷಯಕ್ಕೆ ಬಂದರೆ, ಪಾಠ ಓದಿ, ಅರ್ಥ ಹೇಳಿ, ನಿಯಮ ಬಾಯಿಪಾಠ ಮಾಡಿಸುವ ಕ್ರಮ ಲ್ಯಾಟಿನ್, ಗ್ರೀಕ್ ಕಲಿಸುತ್ತಿದ್ದ ಯುರೋಪಿನ ಶಾಲೆಗಳಿಂದ ಬಂದದ್ದು. ಪ್ರಾಚೀನ ಗ್ರೀಕ್ ಕಲಿತವನು ಯಾರ ಹತ್ತಿರ ಹೋಗಿ ಮಾತಾಡಬೇಕಿತ್ತು? ಓದಿದರೆ ಸಾಕಿತ್ತು. ನಾವು ಅದೇ ಕ್ರಮದಲ್ಲಿ ಕಲಿಸಿ ಮಾತು ಬರಲಿಲ್ಲ ಅಂತ ಗೊಣಗುತ್ತೇವೆ. ಕೆಲವು ಕಡೆ ಕನ್ನಡವೋ ತುಳುವೋ ಆಡಿದರೆ ದಂಡ ಬೇರೆ. ಇದ್ದ ನಾಲ್ಕು ಸೀಟಿಗೆ ಇನ್ನೂ ಒಂದು ಭಯ ಹತ್ತಿಸಿದಂತಾಯಿತು.

ಬೇರೆ ದಾರಿ ನೋಡಿದವರು ನಮ್ಮ ರಾಜ್ಯದಲ್ಲೇ ಇದ್ದರು, ನಮಗೇ ಮರೆತಿದೆ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಎನ್.ಎಸ್. ಪ್ರಭು 1979ರಲ್ಲಿ ಶುರುಮಾಡಿದ ಯೋಜನೆ ಇಂದಿಗೂ ಜಗತ್ತಿನ ಭಾಷಾಬೋಧಕರ ನಡುವೆ 'ಬ್ಯಾಂಗಲೋರ್ ಪ್ರಾಜೆಕ್ಟ್' ಅಂತಲೇ ಹೆಸರುವಾಸಿ. ಮಾಮೂಲಿ ಶಾಲೆಗಳ ಮಕ್ಕಳಿಗೆ ಅಲ್ಲಿ ಗ್ರಾಮರ್ ಪಾಠ ಇರಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ ಇಂಥದ್ದನ್ನು ಕೊಟ್ಟು ಇಂಗ್ಲಿಷಿನಲ್ಲಿ ಲೆಕ್ಕಾಚಾರ ಮಾಡಿಸುತ್ತಿದ್ದರು. ನಮ್ಮಲ್ಲಾದರೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟು ಹನ್ನೊಂದಕ್ಕೆ ಮಣಿಪಾಲದಲ್ಲಿರಬೇಕಾದರೆ ಯಾವ ಬಸ್ ಹತ್ತಬೇಕು ಅಂತ ಕೇಳಬಹುದು. ಮೊದಲು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಒಂದನ್ನು ಬಿಡಿಸುತ್ತಾರೆ, ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು. ಉತ್ತರ ಸರಿಯೇ ಅನ್ನುವುದು ಮುಖ್ಯ, ವಾಕ್ಯ ಸರಿಯೇ ಅನ್ನುವುದು ಆಮೇಲೆ. ಗಮನ ಬಸ್ಸಿನ ಟೈಮಿನ ಮೇಲಿದ್ದಾಗ ನಾಚಿಕೆಗೆ ಜಾಗ ಸಿಗುವುದು ಕಷ್ಟ.

ಪವಾಡವೇನೂ ಆಗಲಿಲ್ಲ ಅನ್ನುವುದನ್ನೂ ಹೇಳಬೇಕು. ಬೆರೆಟ್ಟಾ ಮತ್ತು ಡೇವಿಸ್ 1985ರಲ್ಲಿ ಇದರ ಮೌಲ್ಯಮಾಪನ ಪ್ರಕಟಿಸಿದರು. ವ್ಯಾಕರಣ ರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮುಂದಿದ್ದರು. ಭಾಷೆಯನ್ನು ಬಳಸಬೇಕಾದ ಪರೀಕ್ಷೆಯಲ್ಲಿ ಪ್ರಭು ಅವರ ಮಕ್ಕಳು.

ಇನ್ನು ತಿದ್ದುವುದು. ತಿದ್ದಲೇಬಾರದು ಅನ್ನುವವರ ಜೊತೆ ನಾನಿಲ್ಲ. ಮಾತಿನ ಮಧ್ಯೆ ತಡೆದು ತಿದ್ದುವುದು ಬೇಡ, ಅಷ್ಟೇ. ಮುಗಿದ ಮೇಲೆ ಯಾರ ಹೆಸರೂ ಎತ್ತದೆ ಆ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು ಎಲ್ಲರ ಕೈಯಲ್ಲೂ ಸರಿ ಮಾಡಿಸಬಹುದು. ಜೊತೆಗೆ ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ ಪ್ರಚಾರ ಮಾಡಿದ 4-3-2 ಎಂಬ ಅಭ್ಯಾಸ ಮಾಡಿಸಬಹುದು. ನೇಮದ ಕಥೆಯನ್ನು ಒಬ್ಬಳು ಗೆಳತಿಗೆ ನಾಲ್ಕು ನಿಮಿಷ ಹೇಳುವುದು. ಅದನ್ನೇ ಇನ್ನೊಬ್ಬಳಿಗೆ ಮೂರು ನಿಮಿಷದಲ್ಲಿ, ಮತ್ತೊಬ್ಬಳಿಗೆ ಎರಡೇ ನಿಮಿಷದಲ್ಲಿ. ಮೂರನೇ ಸಲಕ್ಕೆ 'ವಾಸ್' ಹುಡುಕಬೇಕಾಗುವುದಿಲ್ಲ, ತಾನೇ ಬರುತ್ತದೆ. ಕೇಳುವವಳು ಒಬ್ಬಳೇ ಆದ್ದರಿಂದ ಹಿಂದಿನ ಬೆಂಚಿನ ಕಾಟವೂ ಇಲ್ಲ. ತೊಂದರೆ ಒಂದೇ. ಅರುವತ್ತು ಮಕ್ಕಳ ಕ್ಲಾಸಿನಲ್ಲಿ ಮೂವತ್ತು ಬಾಯಿ ಒಟ್ಟಿಗೆ ಶುರುವಾದರೆ ಪಕ್ಕದ ಕ್ಲಾಸಿನ ಮೇಷ್ಟ್ರು ಎದ್ದು ಬಂದು, "ಏನ್ರೀ ಇದು, ಪಾಠ ಮಾಡ್ತಾ ಇಲ್ವಾ?" ಅಂತ ಕೇಳುತ್ತಾರೆ.